ಮುರಿದ ಮೂಗಿಗೆ ಕರಗುವ ಪ್ಯಾಕೇ ಲೇಸೆ?

ಪರ

ಭಗ್ನವಾದ ನಾಸಾಸ್ಥಿಯನ್ನು ಸ್ವಸ್ಥಾನಕ್ಕೆ ತಂದಮೇಲೆ, ಒಳಗಿನಿಂದ ಆಧಾರವಾಗಲೆಂದೂ ರಕ್ತಸ್ರಾವವು ನಿಲ್ಲಲೆಂದೂ ವೈದ್ಯರು ಹೊಳ್ಳೆಯಲ್ಲಿ ತುಂಬುವ ಪ್ಯಾಕನ್ನು ಅರಿವಳಿಕೆಯ ವಶದಲ್ಲಿರುವ ರೋಗಿ ಅರಿಯನು. ಅದನ್ನು ಎಳೆದು ತೆಗೆಯುವ ಘಳಿಗೆಯನ್ನಾದರೋ ಅವನು ಬಹುಕಾಲ ಮರೆಯನು. ವ್ಯಾಸಲೀನ್ ಸವರಿದ ಗಾಜ್ ಬಟ್ಟೆಯ ಪಟ್ಟಿಯಾಗಲಿ, ತೇವ ಸೋಕಿದೊಡನೆ ಹಿಗ್ಗುವ ಮೆರೋಸೆಲ್ ಸ್ಪಂಜಾಗಲಿ, ಲೋಳೆಪೊರೆಗೆ ಅಂಟಿಕೊಂಡು, ತೆಗೆಯುವಾಗ ಅದನ್ನು ಕೆರೆದು, ನಿಂತಿದ್ದ ನೆತ್ತರನ್ನು ಪುನಃ ಹರಿಯಿಸುವುದುಂಟು. ಹಾಗೆ ಎದುರುಬದುರಾಗಿ ಆದ ಗಾಯಗಳು ಮಾಯುವಾಗ ಒಂದಕ್ಕೊಂದು ಬೆಸೆದು ಉಸಿರಿನ ಮಾರ್ಗವನ್ನೇ ಸಂಕುಚಿತಗೊಳಿಸುವುದೂ ಉಂಟು. ನೇಸೋಪೋರ್‌ನಂತಹ, ಕೃತಕ ನೊರೆಯ ಕರಗುವ ಪ್ಯಾಕಾದರೋ ದಿನಗಳೆದಂತೆ ತಾನಾಗಿ ಸಡಿಲಗೊಂಡು, ಉಪ್ಪುನೀರಿನಿಂದ ತೊಳೆದಾಗ ಚೂರುಚೂರಾಗಿ ಹೊರಬೀಳುತ್ತದೆ. ಎಳೆಯುವ ಮಾತೇ ಇಲ್ಲ. ಪ್ಯಾಕ್ ತೆಗೆಯುವುದಕ್ಕೆಂದೇ ಕೆಲವೊಮ್ಮೆ ಮಗುವಿಗೆ ಮತ್ತೊಮ್ಮೆ ಅರಿವಳಿಕೆ ಕೊಡಬೇಕಾಗುವ ಕಷ್ಟವನ್ನು ಬಲ್ಲ ತಾಯ್ತಂದೆಯರಿಗೆ ಬೇರೆ ಸಮರ್ಥನೆ ಬೇಕಾಗದು.

ವಿರೋಧ

ನೋವಿನ ಮಾತನ್ನು ಅಲ್ಲಗಳೆಯುವವರಾರು? ಆದರೆ ಇಲ್ಲಿ ಮೊದಲು ವಿಚಾರಿಸಬೇಕಾದುದು ಮೂಳೆಯ ಸ್ಥಿತಿ. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನವು, ಕುಸಿದ ಅಥವಾ ಓರೆಯಾದ ಮೂಗನ್ನು ಶಲಾಕೆಯಿಂದ ನೆಟ್ಟಗೆ ಮಾಡಿ, ಎರಡು ಹೊಳ್ಳೆಗಳಲ್ಲಿಯೂ ಇಬ್ಬಾಯಿಯ ನಾಳಗಳನ್ನಿಟ್ಟು, ಪಟ್ಟಿ ಸುತ್ತಿ, ತುಪ್ಪವನ್ನು ಎರೆಯಬೇಕೆಂದು ವಿಧಿಸುತ್ತದೆ. ಆಧಾರವೂ ಇರಬೇಕು, ಉಸಿರೂ ಆಡಬೇಕು ಎಂಬ ಆ ಪ್ರಾಚೀನ ವಿವೇಕಕ್ಕೆ, ನಡುವೆ ಉಸಿರಿನ ಕೊಳವೆಯುಳ್ಳ ಇಂದಿನ ಸ್ಪಂಜು ಸಮೀಪವಾದುದೇ ಹೊರತು, ನೆತ್ತರಿನಲ್ಲಿ ನೆನೆದು ಮೆತ್ತಗಾಗುವ ನೊರೆಯಲ್ಲ. ಚೂರಾಗಿ ಒಳಕ್ಕೆ ಕುಸಿದ ಮೂಳೆಯ ಅಡಿಯಲ್ಲಿ ಗಾಜ್ ಪಟ್ಟಿಯನ್ನು ಪದರಪದರವಾಗಿ, ಬೇಕಾದೆಡೆಗೆ ಬೇಕಾದಷ್ಟೇ ಒತ್ತಿ ಇರಿಸಬಹುದು. ಅದು ತಾಲೂಕು ಆಸ್ಪತ್ರೆಯಲ್ಲಿಯೂ ದೊರೆಯುತ್ತದೆ. ಕರಗುವ ಪ್ಯಾಕಿನ ಬೆಲೆಯಾದರೋ ಅದಕ್ಕಿಂತ ಬಲು ಹೆಚ್ಚು, ಆ ಹಣ ಬಹುಪಾಲು ರೋಗಿಯ ಜೇಬಿನದೇ. ತೊಳೆಯುವುದನ್ನು ಮರೆತವನ ಮೂಗಿನಲ್ಲಿ ಉಳಿದ ಚೂರುಗಳು ಹಕ್ಕಳೆಗಟ್ಟಿ ನಾರುವುದೂ ಉಂಟಷ್ಟೆ. ತೆಗೆಯುವ ನೋವಿಗೋ, ಮುಂಚಿತವಾಗಿ ನೋವುನಿವಾರಕವನ್ನು ಕೊಟ್ಟು, ಪ್ಯಾಕನ್ನು ಚೆನ್ನಾಗಿ ನೆನೆಸಿ, ಅವಸರಪಡದೆ ತೆಗೆಯುವುದು ಬಹುಮಟ್ಟಿನ ಪರಿಹಾರ. ಇಷ್ಟಕ್ಕೂ, ಸರಿಪಡಿಸಿದ ಮೂಳೆ ಅಲುಗದೆ ನಿಂತು ರಕ್ತವೂ ಹರಿಯದಿದ್ದರೆ ಯಾವ ಪ್ಯಾಕೂ ಬೇಡವೆಂಬುದನ್ನು ಇಬ್ಬಣದವರೂ ಮರೆಯುತ್ತಾರೆ.

ಆದುದರಿಂದ ಮಕ್ಕಳಿಗೂ, ಮೂಳೆ ಸ್ಥಿರವಾಗಿದ್ದು ರಕ್ತಸ್ರಾವ ಮಾತ್ರ ಉಳಿದವರಿಗೂ ಕರಗುವುದು ಸಲ್ಲುತ್ತದೆ; ಕುಸಿದ ಮೂಳೆಗೆ ಸಲ್ಲದು. ಯಾವುದನ್ನೇ ಹಾಕಿರಲಿ, ತೆಗೆಯುವ ಅಥವಾ ಪರೀಕ್ಷಿಸುವ ದಿನವನ್ನು ಆಸ್ಪತ್ರೆ ಬಿಡುವ ಮುನ್ನವೇ ಕೇಳಿಕೊಳ್ಳಿರಿ. ಪ್ಯಾಕ್ ಇರುವಾಗ ತೀವ್ರ ಜ್ವರ, ಮೈಮೇಲೆ ಕೆಂಪು ದದ್ದು ಅಥವಾ ತಲೆಸುತ್ತು ಕಂಡರೆ ಆ ದಿನಕ್ಕಾಗಿ ಕಾಯದೆ ಕೂಡಲೇ ವೈದ್ಯರಲ್ಲಿಗೆ ಹೋಗಿರಿ.