ಚೋಮನ ದುಡಿ, ಜಬ್ಯಾನ ಕಲ್ಲು

ಹೋದ ತಿಂಗಳು ನಾವು ನಾಲ್ಕೈದು ಜನ ಸೇರಿ ಕೇರಿಯ ಅಂಬೇಡ್ಕರ್ ಭವನದ ಗೋಡೆಗೆ ಬಿಳಿ ಪಂಚೆ ಕಟ್ಟಿ ಮೂರು ಭಾನುವಾರ ಮೂರು ಸಿನಿಮಾ ತೋರಿಸಿದೆವು. ಪ್ರೊಜೆಕ್ಟರು ಎರವಲು ತಂದದ್ದು. ಪಂಚೆ ದೊಡ್ಡಪ್ಪನದು, ನಡುವೆ ಒಂದು ತೂತು. ಯಾರ ಮುಖ ದೊಡ್ಡದಾಗಿ ಬಂದರೂ ಕೆನ್ನೆಯಲ್ಲಿ ಗೋಡೆ ಕಾಣುತ್ತಿತ್ತು. ನಾವು ಸಿನಿಮಾ ಪಂಡಿತರಲ್ಲ. ನೋಡಿದ್ದನ್ನು, ನೋಡಿದವರು ಅಂದದ್ದನ್ನು ಬರೆದಿದ್ದೇವೆ. ಸಿಟ್ಟು ಬಂದವರು ಮುಂದಿನ ಸಭೆಗೆ ಬಂದು ಬೈಯಲಿ.

ಮೊದಲು ತೋರಿಸಿದ್ದು 'ಚೋಮನ ದುಡಿ'. 1933ರಲ್ಲಿ ಕಾದಂಬರಿ ಬರೆದವರು ಒಬ್ಬ ಕಾರಂತರು, 1975ರಲ್ಲಿ ಚಿತ್ರ ತೆಗೆದವರು ಇನ್ನೊಬ್ಬ ಕಾರಂತರು. ಚಿತ್ರಕ್ಕೆ ಸ್ವರ್ಣಕಮಲ ಬಂತು, ಚೋಮನಾದ ಎಂ.ವಿ. ವಾಸುದೇವರಾವ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಬರಬೇಕಾದ್ದೇ. ಆ ಮನುಷ್ಯ ದುಡಿ ಎತ್ತಿಕೊಂಡಾಗ ನಮ್ಮ ತಾತಂದಿರೇ ಎದ್ದು ಬಂದ ಹಾಗಾಯಿತು. ಇಷ್ಟನ್ನು ಒಪ್ಪಿಕೊಂಡೇ ಜಗಳಕ್ಕೆ ಬರುತ್ತೇವೆ.

ಚೋಮನಿಗೆ ಬೇಕಾದ್ದು ಗೇಣಿಗೆ ಒಂದು ತುಂಡು ನೆಲ. ಎತ್ತು ಇವೆ, ಉಳಲು ನೆಲವಿಲ್ಲ. ಧಣಿ ಸಂಕಪ್ಪಯ್ಯನದು ಮೆತ್ತಗಿನ ಮನಸ್ಸು, ಕೊಡಬಹುದಿತ್ತೇನೋ. ಹೊಲೆಯನಿಗೆ ಬೇಸಾಯವೇ ಅಂತ ಅವನ ತಾಯಿ ಅಡ್ಡ ಬರುತ್ತಾಳೆ. ಇದು ಹಳೇ ಆಟ ಕಣ್ರೀ. ಮನೆಯ ಜಾತಿಯನ್ನೆಲ್ಲ ಮುದುಕಿಯ ಸೆರಗಿಗೆ ಕಟ್ಟಿ ಯಜಮಾನನನ್ನು ಪಾರುಮಾಡುವುದು. ಈಗಲೂ ಬಾಡಿಗೆ ಮನೆ ಕೇಳಲು ಹೋದರೆ ಇದೇ ಮಾತು. 'ನಮಗೇನೂ ಇಲ್ಲಪ್ಪ, ಅಮ್ಮ ಒಪ್ಪಲ್ಲ.' ನಮ್ಮಲ್ಲಿ ಎಷ್ಟು ಜನ ಈ ಅಮ್ಮನ ಮುಖ ನೋಡಿದ್ದೀರಿ?

ಚೋಮನ ಕಿರಿ ಮಗ ನೀರಿನಲ್ಲಿ ಮುಳುಗುವಾಗ ದಡದ ಮೇಲಿನವರು ಮೈಲಿಗೆಗೆ ಅಂಜಿ ನಿಂತೇ ಇರುತ್ತಾರೆ. ಆಗ ನಮ್ಮ ಭವನದಲ್ಲಿ ಉಸಿರಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಕೊನೆಗೆ ಚೋಮ ಎತ್ತುಗಳನ್ನು ಕಾಡಿಗೆ ಅಟ್ಟಿ, ಗುಡಿಸಲ ಬಾಗಿಲು ಹಾಕಿಕೊಂಡು, ಪ್ರಾಣ ಹೋಗುವ ತನಕ ದುಡಿ ಬಾರಿಸುತ್ತಾನೆ. ನಮ್ಮಲ್ಲಿ ಇಬ್ಬರು ಅತ್ತರು. ದೊಡ್ಡವ್ವ ಅಳಲಿಲ್ಲ. ಎಲೆ ಅಡಿಕೆ ಉಗುಳಿ ಬಂದು ಕೇಳಿದಳು: "ಎತ್ತ ಯಾಕ್ಲಾ ಕಾಡಿಗಟ್ಟುದ? ಮಾರುದ್ರೆ ತೋಟದ ಸಾಲ ತೀರ್ತಿರ್ನಿಲ್ವಾ? ಹೊಟ್ಟೆ ತುಂಬ ಉಂಡೋರು ಬರ್ದವ್ರೆ ಕತೆಯ."

ನಾವು ಬಿ.ಎ. ಓದಿದವರು. ಅದು ಚೋಮನ ರೋಷ, ಸಂಕೇತ ಅಂತ ಏನೇನೋ ಹೇಳಲು ಹೋದೆವು. "ಸಂಕೇತಕ್ಕೆ ಹುಲ್ಲು ಹಾಕೋರ್ಯಾರು" ಅಂದಳು. ಬಾಯಿ ಮುಚ್ಚಿಕೊಂಡೆವು.

ಆಮೇಲೆ ಕೂತು ಲೆಕ್ಕ ಹಾಕಿದೆವು. 1974ರಲ್ಲಿ ದೇವರಾಜ ಅರಸರ ಸರ್ಕಾರದ ಭೂಸುಧಾರಣೆ ಕಾಯ್ದೆ ಜಾರಿಗೆ ಬಂತು. ಮರುವರ್ಷವೇ ಈ ಚಿತ್ರ. ಉಳುವವನೇ ಒಡೆಯ ಅಂದರು. ಆದರೆ ಕಾಯ್ದೆ ಕೇಳಿದ್ದು ಗೇಣಿದಾರನನ್ನು. ಗೇಣಿದಾರ ಫಾರಂ ನಂಬರ್ 7 ತುಂಬಿ ಭೂನ್ಯಾಯ ಮಂಡಳಿಗೆ ಕೊಡಬೇಕು. ಚೋಮನಿಗೆ ಗೇಣಿಯನ್ನೇ ಕೊಡಲಿಲ್ಲವಲ್ಲ, ಅವನು ಯಾವ ಫಾರಂ ತುಂಬಬೇಕಿತ್ತು? ಗೇಣಿಯ ನೆಲ ಹಿಡಿದಿದ್ದ ಎಷ್ಟೋ ಮಂದಿ ಒಡೆಯರಾದರು. ಅದೇ ಗದ್ದೆಯ ಕೆಸರಿನಲ್ಲಿ ಕೂಲಿಗೆ, ಜೀತಕ್ಕೆ ಇದ್ದವರು ಕೂಲಿಯವರಾಗೇ ಉಳಿದರು. ಮುದುಕಿ ಅವತ್ತು ಬೇಡ ಅಂದದ್ದರಿಂದ ಚೋಮನ ಮಕ್ಕಳ ಹಕ್ಕೂ ಹೋಯಿತು. 2020ರಲ್ಲಿ 79ಎ, 79ಬಿ ಕಲಂಗಳನ್ನೂ ತೆಗೆದುಹಾಕಿ, ದುಡ್ಡಿದ್ದ ಯಾರು ಬೇಕಾದರೂ ಕೃಷಿ ಜಮೀನು ಕೊಳ್ಳಬಹುದು ಅಂತ ಮಾಡಿದರು. ಇಷ್ಟೆಲ್ಲ ಸಿನಿಮಾದಲ್ಲಿ ಇರಬೇಕಿತ್ತು ಅಂತಲ್ಲ. ಚೋಮ ಬಾಗಿಲು ಹಾಕಿಕೊಂಡು ಸತ್ತರೆ ಹೊರಗೆ ಕೂತವರಿಗೆ ಎಷ್ಟು ಸಲೀಸು ಅಂತ ಹೇಳುತ್ತಿದ್ದೇವೆ. ಅತ್ತು, ಮೂಗು ಒರೆಸಿಕೊಂಡು, ಪ್ರಶಸ್ತಿ ಕೊಟ್ಟು ಮನೆಗೆ ಹೋಗಬಹುದು.

ಎರಡನೆಯ ವಾರ ತಮಿಳಿನ 'ಪರಿಯೇರುಮ್ ಪೆರುಮಾಳ್'. 2018ರದು, ಮಾರಿ ಸೆಲ್ವರಾಜ್ ತೆಗೆದದ್ದು. ಕೆಳಗೆ ಇಂಗ್ಲಿಷಿನಲ್ಲಿ ಬರುತ್ತಿದ್ದದ್ದನ್ನು ನಾವು ಕನ್ನಡದಲ್ಲಿ ಕೂಗಿ ಹೇಳುತ್ತಿದ್ದೆವು. ಅರ್ಧ ನಮ್ಮದೇ ಮಾತು. ಕಾನೂನು ಕಾಲೇಜಿಗೆ ಸೇರಿದ ಹುಡುಗ ಇಂಗ್ಲಿಷ್ ಬಾರದೆ ನಗೆಪಾಟಲಾಗುವಾಗ ನಾವು ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅಷ್ಟು ಹೊಡೆತ ತಿಂದವನು ಕೊನೆಗೆ ಹುಡುಗಿಯ ಅಪ್ಪನ ಜೊತೆ ಮಾತಿಗೆ ನಿಂತದ್ದು ನಮ್ಮಲ್ಲಿ ಕೆಲವರಿಗೆ ಹಿಡಿಸಲಿಲ್ಲ. ಕಡೆಯಲ್ಲಿ ಎರಡು ಲೋಟ ಟೀ, ಒಂದು ಹಾಲಿನದು, ಒಂದು ಕರಿಯದು, ನಡುವೆ ಒಂದು ಮಲ್ಲಿಗೆ. ಪತ್ರಿಕೆಯವರು ಆ ಹೂವಿನ ಬಗ್ಗೆ ಬಹಳ ಬರೆದರು. ನಮ್ಮ ಜನ ಹೂವು ನೋಡಲೇ ಇಲ್ಲ. "ಲೋಟ ಎರಡೂ ಒಂದೇ ತರ ಅವೆ" ಅಂದರು. ಹೋಟೆಲಿನ ಹೊರಗೆ ಗೂಟಕ್ಕೆ ನೇತುಹಾಕಿದ ಲೋಟ ತೊಳೆದು ಕುಡಿದವರ ಕಣ್ಣು ಅದು.

('ಕಾಂತಾರ' ಯಾಕೆ ತೋರಿಸಲಿಲ್ಲ ಅಂತ ಹುಡುಗರು ಗಲಾಟೆ ಮಾಡಿದರು. ಅದರ ಜಗಳಕ್ಕೆ ಇಡೀ ಒಂದು ಸಂಚಿಕೆ ಬೇಕು.)

ಮೂರನೆಯದು ನಾಗರಾಜ ಮಂಜುಳೆಯವರ 'ಫಂಡ್ರಿ', 2013ರ ಮರಾಠಿ ಚಿತ್ರ. ಫಂಡ್ರಿ ಅಂದರೆ ಹಂದಿ. ಕೈಕಾಡಿಗಳ ಮನೆಮಾತಿನ ಶಬ್ದ. ಹಳಗನ್ನಡದ 'ಪಂದಿ' ನೆನೆಸಿಕೊಳ್ಳಿ, ದೂರವೇನಿಲ್ಲ. ಕೈಕಾಡಿಗಳೆಂದರೆ ನಮ್ಮ ಕಡೆಯ ಕೊರಮ ಕೊರಚರ ಬಳಗ. ಜಬ್ಯಾ ಎಂಬ ಹುಡುಗನಿಗೆ ಶಾಲೆಯ ಒಬ್ಬ ಹುಡುಗಿಯ ಮೇಲೆ ಮನಸ್ಸು. ಊರವರಿಗೆ ಇವನ ಮನೆಯವರು ಹಂದಿ ಹಿಡಿಯಲು ಮಾತ್ರ ಬೇಕು. ಇಡೀ ಮನೆ ಹಂದಿಯ ಹಿಂದೆ ಓಡುವಾಗ ಶಾಲೆಯಿಂದ ರಾಷ್ಟ್ರಗೀತೆ ಕೇಳಿಸುತ್ತದೆ. ಇವರು ನಿಂತಲ್ಲೇ ನಿಲ್ಲುತ್ತಾರೆ. ಹಂದಿಗೆ ಆ ಕಟ್ಟು ಇಲ್ಲ, ಹೋಗಿಬಿಡುತ್ತದೆ. ನಮ್ಮ ಹುಡುಗರು ನಕ್ಕರು. ಆಮೇಲೆ ಸತ್ತ ಹಂದಿಯನ್ನು ಕೋಲಿಗೆ ಕಟ್ಟಿ ಹೊತ್ತು ಶಾಲೆಯ ಗೋಡೆ ಪಕ್ಕ ನಡೆಯುತ್ತಾರೆ. ಗೋಡೆಯ ಮೇಲೆ ಬಾಬಾಸಾಹೇಬರ ಚಿತ್ರ, ಫುಲೆಯವರ ಚಿತ್ರ. ನಗು ನಿಂತಿತು.

ಹಂಗಿಸುವವರ ಕಡೆಗೆ ಜಬ್ಯಾ ಕೊನೆಗೆ ಕಲ್ಲು ಬೀಸುತ್ತಾನೆ. ಕಲ್ಲು ನೇರ ಪರದೆಯಿಂದ ನಮ್ಮ ಮುಖಕ್ಕೆ ಬಂದು ಎಲ್ಲ ಕತ್ತಲೆ. "ಪಂಚೆ ತೂತು ಮಾಡಿದ್ದು ಇವನೇ" ಅಂದ ಒಬ್ಬ ಹುಡುಗ. 1974ರ 'ಅಂಕುರ್'ನಲ್ಲೂ ಕಡೆಗೆ ಒಬ್ಬ ಹುಡುಗ ಕಲ್ಲು ಹೊಡೆಯುತ್ತಾನೆ. ಅದು ಧಣಿಯ ಕಿಟಕಿಗೆ ಬಿತ್ತು. ಒಳಗಿದ್ದವರು ನಮ್ಮ ಅನಂತನಾಗ್. ನೋಡುವವರು ಬಚಾವಾದರು. ಫಂಡ್ರಿಯಲ್ಲಿ ಯಾರೂ ಬಚಾವಾಗುವುದಿಲ್ಲ. ಜಬ್ಯಾ ಆದ ಸೋಮನಾಥ ಅವಘಡೆ ಮೊದಲು ನಟನೇ ಅಲ್ಲ, ಊರಲ್ಲಿ ಹಲಗೆ ಬಾರಿಸುತ್ತಿದ್ದ ಹುಡುಗ. ಚೋಮನ ಕೈಯಲ್ಲಿ ದುಡಿ ಬಿಟ್ಟರೆ ಏನೂ ಉಳಿಯಲಿಲ್ಲ. ಹಲಗೆಯ ಈ ಹುಡುಗನ ಕೈಗೆ ಕಲ್ಲು ಸಿಕ್ಕಿತು.

ಇಷ್ಟು ಬರೆದು ನಿಲ್ಲಿಸಿದ್ದರೆ ನಮಗೂ ಸಲೀಸಾಗುತ್ತಿತ್ತು. ದೀಪ ಹಾಕಿದ ಮೇಲೆ ಹಿರಿಯರೊಬ್ಬರು ಅಂದರು: "ಚೆನ್ನಾಗದೆ. ಆದ್ರೆ ಇದು ಕೊರಮರ ಕತೆ ಅಲ್ವಾ, ನಮ್ದಲ್ಲವಲ್ಲ." ಯಾರೂ ಎದುರಾಡಲಿಲ್ಲ. ನಮ್ಮ ಕೇರಿ ದಾಟಿದ ಮೇಲೆ, ಹಳ್ಳದ ಆಚೆ, ಹಂದಿ ಸಾಕುವ ಎಂಟು ಮನೆಗಳಿವೆ. ಮೂರು ವಾರ ಸಿನಿಮಾ ತೋರಿಸಿದ ನಾವು ಒಂದು ದಿನವೂ ಅವರನ್ನು ಕರೆದಿರಲಿಲ್ಲ. ಮರೆತೆವು ಅಂತ ಬರೆಯಬಹುದಿತ್ತು. ಸುಳ್ಳಾಗುತ್ತದೆ. ಅವರು ಬಂದರೆ ನಮ್ಮವರಲ್ಲಿ ಯಾರು ಎದ್ದು ಹೋಗುತ್ತಾರೋ ಅಂತ ಅಳುಕಿದ್ದು ನಿಜ. ಸಂಕಪ್ಪಯ್ಯನಿಗೆ ತಾಯಿ ಇದ್ದಳು, ನಮಗೆ ಹಿರಿಯರು.

ಮಾರನೆಯ ದಿನ ಹೋಗಿ ಕರೆದೆವು. ಅಲ್ಲಿನ ಒಬ್ಬ ಅಕ್ಕ ಹಂದಿಗೂಡಿಗೆ ನೀರು ಸುರಿಯುತ್ತಾ ಕೇಳಿಸಿಕೊಂಡಳು. ಭವನಕ್ಕೆ ಬರಲ್ಲ, ಬೇಕಾದರೆ ಇಲ್ಲೇ ತಂದು ತೋರಿಸಿ ಅಂದಳು. ಬರುವ ಭಾನುವಾರ ಸಂಜೆ ಏಳಕ್ಕೆ ಪಂಚೆ ಅಲ್ಲಿ ಕಟ್ಟುತ್ತೇವೆ. ನಮ್ಮ ಕಂಬದಿಂದ ಹಳ್ಳದ ಆಚೆಗೆ ವೈರು ಎಳೆಯಬೇಕು. ನಮ್ಮ ಹತ್ತಿರ ಇರುವುದು ಅರ್ಧ ದೂರಕ್ಕೂ ಸಾಲದು. ಯಾರ ಹತ್ತಿರವಾದರೂ ಇದ್ದರೆ ಶನಿವಾರದೊಳಗೆ ತಂದುಕೊಡಿ.