ಬಾಲಿಯದಾದರೆ ಸಂಸ್ಕೃತಿ, ಬೇಲಾಪುರದ್ದಾದರೆ ಗಲಾಟೆ!

"ನಮ್ಮ ಹಳೇ ಸಂಸ್ಕೃತಿ ನೋಡ್ಬೇಕಾದ್ರೆ ಬಾಲಿಗೇ ಹೋಗ್ಬೇಕು ಮಾರಾಯ್ರೇ, ಇಲ್ಲಿ ಎಲ್ಲ ಮುಗೀತು!" ಥಾಣೆ, ಡೊಂಬಿವಲಿ ಕಡೆಯ ನಮ್ಮವರ ಬಾಯಲ್ಲಿ ಈ ಮಾತು ಈಗೀಗ ಬಹಳ ಕೇಳುತ್ತದೆ. ಐದು ದಿನದ ಪ್ಯಾಕೇಜ್ ಟೂರು, ಎಂಟುನೂರು ಫೋಟೋ, ಮೇಲೊಂದು ನಿಟ್ಟುಸಿರು. ಫೋಟೋಗಳ ಬಗ್ಗೆ ನನ್ನ ತಕರಾರಿಲ್ಲ. ದುಡಿದ ದುಡ್ಡು, ತಿರುಗಾಡಲಿ. ತಕರಾರು ಆ ನಿಟ್ಟುಸಿರಿನದು. ಅದು ತಾಳೆಯಾಗದ ಲೆಕ್ಕ.

ಮೊದಲು ಬಾಲಿಯ ಖಾತೆ ನೋಡೋಣ. ಅಲ್ಲಿಯವರ ಹೊಸ ವರ್ಷದ ಹೆಸರು ನ್ಯೆಪಿ. ಅವರು ಎಣಿಸುವುದೂ ಶಕ ವರ್ಷವನ್ನೇ. 2023ರಲ್ಲಿ ನಮ್ಮ ಯುಗಾದಿ, ಇಲ್ಲಿಯವರ ಗುಡಿ ಪಾಡ್ವಾ, ಅವರ ನ್ಯೆಪಿ ಮೂರೂ ಮಾರ್ಚ್ 22ಕ್ಕೇ ಬಂದಿದ್ದವು. ಮೂವರಿಗೂ ಅದು ಶಕ 1945. ಆ ದಿನ ಅಲ್ಲಿ ಬೆಂಕಿ ಇಲ್ಲ, ದೀಪ ಇಲ್ಲ, ಕೆಲಸ ಇಲ್ಲ, ಪ್ರಯಾಣ ಇಲ್ಲ. ವಿಮಾನ ನಿಲ್ದಾಣವೇ 24 ಗಂಟೆ ಬಂದ್. ಪ್ರವಾಸಿಯೂ ಹೋಟೆಲಿನಿಂದ ಹೊರಗೆ ಕಾಲಿಡುವಂತಿಲ್ಲ. ನಮ್ಮವರು ತರುವ ಫೋಟೋ ಹಿಂದಿನ ಸಂಜೆಯ ಓಗೊ-ಓಗೊ ಬೊಂಬೆಗಳ ಮೆರವಣಿಗೆಯದು. ಅಸಲು ಹಬ್ಬ ಕ್ಯಾಮೆರಾಕ್ಕೆ ಸಿಗುವುದೇ ಇಲ್ಲ. ಅಂದರೆ, ಅಲ್ಲಿ ಆ ಹಬ್ಬ ಉಳಿದದ್ದು ಪ್ರವಾಸಿಗರು ಮೆಚ್ಚಿದ್ದರಿಂದಲ್ಲ. ಒಂದು ದಿನದ ವ್ಯಾಪಾರ ಕಳಕೊಳ್ಳಲು ಊರಿಗೆ ಊರೇ ಒಪ್ಪಿದ್ದರಿಂದ.

ಇನ್ನು "ಇಲ್ಲಿ ಮುಗೀತು" ಎನ್ನುವ ಮಾತು. ಹೋಗಿ ನೋಡಿದ್ದೀರಾ ಸ್ವಾಮಿ? ಡೊಂಬಿವಲಿಯಿಂದ ಸ್ಲೋ ಲೋಕಲ್‌ನಲ್ಲಿ ಐದನೆಯ ಸ್ಟೇಷನ್ ಅಂಬರನಾಥ. ಅಲ್ಲಿಯ ಶಿವಾಲಯದ ಶಾಸನದಲ್ಲಿ ಶಕ 982 ಎಂದಿದೆ, ಅಂದರೆ ಕ್ರಿ.ಶ. 1060. ಎಲ್ಲರೂ ಫೋಟೋಕ್ಕೆಂದು ಓಡುವ ಕಾಂಬೋಡಿಯಾದ ಅಂಕೋರ್ ವಾಟ್ ಎದ್ದದ್ದು ಆಮೇಲೆ, ಹನ್ನೆರಡನೆಯ ಶತಮಾನದಲ್ಲಿ. ಈ ಶಿವಾಲಯ ಕಟ್ಟಿಸಿದ ಥಾಣೆಯ ಶಿಲಾಹಾರರು ಮೊದಲು ನಮ್ಮ ರಾಷ್ಟ್ರಕೂಟರ ಸಾಮಂತರು. ಕಾನ್ಹೇರಿ ಗುಹೆಗಳ ಒಂಬತ್ತನೆಯ ಶತಮಾನದ ಶಾಸನಗಳಲ್ಲಿ ಅಮೋಘವರ್ಷನ ಹೆಸರೇ ಇದೆ. ಕವಿರಾಜಮಾರ್ಗದ ಅದೇ ನೃಪತುಂಗ! ಮಹಾಶಿವರಾತ್ರಿಗೆ ಇಂದಿಗೂ ಅಂಬರನಾಥದಲ್ಲಿ ದೊಡ್ಡ ಜಾತ್ರೆ. ಪಕ್ಕದ ವಾಲಧುನಿ ನದಿ ಮಾತ್ರ ಕೊಳಚೆಯಿಂದ ನಾರುತ್ತದೆ. ಮುಗಿಯುತ್ತಾ ಬಂದದ್ದು ಸಂಪ್ರದಾಯವಲ್ಲ, ನದಿ. ಅದಕ್ಕಾಗಿ ನಿಟ್ಟುಸಿರು ಬಿಟ್ಟವರನ್ನು ನಾನು ಕಂಡಿಲ್ಲ.

ಬರೀ ಕಲ್ಲಿನ ಮಾತಲ್ಲ ಇದು. ಇಲ್ಲಿಯ ಕೋಲಿ ಮೀನುಗಾರರು ಈಗಲೂ ನಾರಳಿ ಪೂರ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸುತ್ತಾರೆ. ಆಗ್ರಿ ಮದುವೆಗಳಲ್ಲಿ ಧವಳೆ ಹಾಡುತ್ತಲೇ ಶಾಸ್ತ್ರ ನಡೆಸುವ ಧವಳಾರಿಣ್ ಹೆಂಗಸರಿದ್ದಾರೆ. ನಮ್ಮ ಶೋಭಾನೆಯ ಅಕ್ಕತಂಗಿ ಎನ್ನಿ. ಆದರೆ ಬೇಲಾಪುರದ ಒಂದು ಸೊಸೈಟಿಯಲ್ಲಿ ಗಾಂವ್‌ದೇವಿಯ ಪಾಲಖಿ ಗೇಟಿನ ಮುಂದೆ ಬಂದಾಗ "ಡೋಲಿನ ಗಲಾಟೆ, ಪೊಲೀಸರಿಗೆ ಹೇಳಿ" ಎಂದು ವಾಟ್ಸಾಪಿನಲ್ಲಿ ಬರೆದವರು, ಹದಿನೈದು ದಿನ ಮೊದಲು ಅದೇ ಗ್ರೂಪಿಗೆ ಬಾಲಿಯ ಗಾಮೆಲಾನ್ ವಾದ್ಯದ ವಿಡಿಯೋ ಹಾಕಿ ಕೈಮುಗಿದಿದ್ದರು. ಅಲ್ಲಿ ಬಾರಿಸಿದರೆ ಸಂಸ್ಕೃತಿ, ಇಲ್ಲಿ ಬಾರಿಸಿದರೆ ಗಲಾಟೆ!

ಯಾರ ಗೇಟು ಸ್ವಾಮಿ ಅದು? 1970ರಲ್ಲಿ ಸಿಡ್ಕೊ ಹುಟ್ಟಿತು. 95 ಹಳ್ಳಿಗಳ ಜಮೀನಿನ ಮೇಲೆ ನವಿ ಮುಂಬಯಿ ಎದ್ದಿತು. 1984ರ ಜನವರಿಯಲ್ಲಿ ಉರಣ್ ಕಡೆ ನೆಲದ ಬೆಲೆ ಕೇಳಿದ ಐವರು ಪೊಲೀಸರ ಗುಂಡಿಗೆ ಸತ್ತರು. 2025ರ ಡಿಸೆಂಬರಿನಲ್ಲಿ ವಿಮಾನ ಹಾರಲು ಶುರುವಾದ ಹೊಸ ನಿಲ್ದಾಣಕ್ಕಾಗಿ ಉಲ್ವೆ, ಕೋಂಬಡ್‌ಭುಜೆ, ತರ್ಘರ್ ಸೇರಿ ಹತ್ತು ಹಳ್ಳಿ ಎದ್ದುಹೋದವು. ಹಳ್ಳಿ ಎದ್ದರೆ ಅದರ ದೇವರೂ ಏಳಬೇಕಲ್ಲ? ಪರದೇಶದ ಸಂಪ್ರದಾಯದ ಫೋಟೋ ತೆಗೆಯಲು ನಾವು ವಿಮಾನ ಹತ್ತುವುದು ಇಲ್ಲಿಯ ಸಂಪ್ರದಾಯ ಎದ್ದುಹೋದ ನೆಲದಿಂದ.

"ನಾವು ವಲಸೆ ಬಂದವರು, ನಮಗೇಕೆ ಇದೆಲ್ಲ?" ಎನ್ನುವವರಿದ್ದಾರೆ. ಊರಲ್ಲಿ ನಮ್ಮ ಭೂತಸ್ಥಾನದ ಅಂಗಳ ರಸ್ತೆಗೆ ಹೋದರೆ ಇಲ್ಲಿಂದಲೇ ಪತ್ರಿಕೆಗೆ ಬರೆಯುತ್ತೇವೆ, ಚಂದಾ ಎತ್ತುತ್ತೇವೆ. ಮೂವತ್ತು ವರ್ಷ ಅನ್ನ ಕೊಟ್ಟ ನೆಲದ ದೇವರಿಗೆ ಗೇಟು ತೆರೆಯಲು ಮಾತ್ರ ಪರಕೀಯರೇ?

ಬಾಲಿಗೆ ಹೋಗಿ, ಸಂತೋಷ. ಬಂದ ಮೇಲೆ ಒಮ್ಮೆ ಅಂಬರನಾಥಕ್ಕೂ ಹೋಗಿ, ವಾಲಧುನಿಯ ಫೋಟೋ ತೆಗೆದು ನಗರಪಾಲಿಕೆಗೆ ಕಳಿಸಿ. ಪಾಲಖಿ ಬಂದರೆ ಕೆಳಗಿಳಿದು ನಿಲ್ಲಿ, ಅವರೊಡನೆ ಎರಡು ಮಾತು ಮರಾಠಿಯಲ್ಲಿ ಆಡಿ. ಇಷ್ಟು ಮಾಡಿಯೂ "ಇಲ್ಲಿ ಎಲ್ಲ ಮುಗೀತು" ಅನ್ನಿಸಿದರೆ ಹೇಳಿ, ಆಗ ಕೇಳೋಣ.