ಖಾಲಿ ಕಣಕ್ಕೆ ಹೊಟ್ಟು

ಆಲೂರಿನಿಂದ ಇಂಜಿನಿಯರಿಂಗ್ ಓದಲು ಹೋಗಿರುವ ಹಳೆಯ ವಿದ್ಯಾರ್ಥಿಯೊಬ್ಬ ಕೇಳಿದ್ದಾನೆ: “ಸಾರ್, ಪ್ರಾಜೆಕ್ಟಿಗೆಂದು ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮಿನ ‘ಕರೆಂಟ್’ ಆವೃತ್ತಿ ಹಾಕಿಕೊಂಡೆ. ಲಿನಕ್ಸಿನಲ್ಲಿ ಸಲೀಸಾಗಿ ಓಡುತ್ತಿದ್ದ ನನ್ನ ಪ್ರೋಗ್ರಾಂ ಇಲ್ಲಿ ನಿಧಾನ, ಅದೂ ಮಧ್ಯದಲ್ಲೇ ನಿಂತುಹೋಗುತ್ತದೆ. ಈ ಸಿಸ್ಟಂ ಸರಿಯಿಲ್ಲವೆಂದು ವರದಿಯಲ್ಲಿ ಬರೆಯಲೇ?”

ಬರೆಯಬೇಡ. ಕಾರಣ ನಮ್ಮ ಸೀಮೆಯ ಮಕ್ಕಳಿಗೆ ಕಾಫಿ ಕಣದಲ್ಲೇ ಹೊಳೆಯಬೇಕು.

ಕಣದಲ್ಲಿ ಜಾಗ ಹಂಚುವವರು ತೋಟದ ರೈಟರು ಎಂದುಕೊಳ್ಳಿ. ಗಣಕದ ಮೆಮೊರಿಯಲ್ಲಿ ಆ ಕೆಲಸ ‘ಮಾಲಾಕ್’ ಎಂಬ ತಂತ್ರಾಂಶದ್ದು. ಪ್ರೋಗ್ರಾಂ ಕೇಳಿದಷ್ಟು ಜಾಗ ಕೊಡುತ್ತದೆ, ಕೆಲಸ ಮುಗಿದ ಮೇಲೆ ವಾಪಸು ಪಡೆಯುತ್ತದೆ. ಜಾಗ ಬಿಟ್ಟುಕೊಟ್ಟವನೇ ಮರುದಿನ ಬಂದು ಅಲ್ಲಿದ್ದುದನ್ನು ತನ್ನದೆಂದು ಮೂಟೆ ಕಟ್ಟತೊಡಗಿದರೆ? ಬೇರೆ ಯಾರೂ ಅಲ್ಲಿ ಹರವಿರದಿದ್ದರೆ ಅವನ ಉಳಿಕೆ ಕಾಫಿಯೇ ಸಿಕ್ಕೀತು, ತಪ್ಪು ಯಾರ ಕಣ್ಣಿಗೂ ಬೀಳದು. ಇನ್ನೊಂದು ದಿನ ಪರರ ಕಾಫಿ ಅವನ ಮೂಟೆ ಸೇರುತ್ತದೆ. ಇದು ಸಣ್ಣ ವಿಷಯವಲ್ಲ. ಕ್ರೋಮ್ ಬ್ರೌಸರಿನ ಗಂಭೀರ ಭದ್ರತಾ ದೋಷಗಳಲ್ಲಿ ಸುಮಾರು ಶೇ. 70 ಮೆಮೊರಿಗೆ ಸಂಬಂಧಿಸಿದವು, ಅವುಗಳಲ್ಲಿ ಅರ್ಧದಷ್ಟು ಬಿಟ್ಟುಕೊಟ್ಟ ಜಾಗವನ್ನು ಮತ್ತೆ ಮುಟ್ಟಿದ್ದರಿಂದ ಆದವು ಎಂದು 2020ರಲ್ಲಿ ಅದನ್ನು ತಯಾರಿಸುವವರೇ ಲೆಕ್ಕ ಕೊಟ್ಟರು.

‘ಕರೆಂಟ್’ ಎಂಬುದು ಇನ್ನೂ ಸಿದ್ಧವಾಗುತ್ತಿರುವ ಆವೃತ್ತಿ. ಅದರಲ್ಲಿ ರೈಟರು ಬಲು ಕಟ್ಟುನಿಟ್ಟು. ಜಾಗ ವಾಪಸು ಬಂದ ಕೂಡಲೇ ಹೊಟ್ಟು ಸುರಿಸುತ್ತಾರೆ! ಅಂದರೆ, ಮಾಲಾಕ್ ಅಲ್ಲಿನ ಪ್ರತಿ ಬೈಟಿನಲ್ಲೂ 90 ಎಂಬ ಸಂಖ್ಯೆ ತುಂಬುತ್ತದೆ. ಹೊಸದಾಗಿ ಕೊಡುವ ಜಾಗದಲ್ಲಿ ತುಂಬುವುದು 165. ಎರಡನ್ನೂ ದ್ವಿಮಾನದಲ್ಲಿ ಬರೆದು ನೋಡಿ: 01011010 ಮತ್ತು 10100101. ಒಂದರಲ್ಲಿ ಸೊನ್ನೆಯಿದ್ದ ಕಡೆ ಇನ್ನೊಂದರಲ್ಲಿ ಒಂದು, ಕೂಡಿದರೆ 255. ಬಿಟ್ಟ ಜಾಗದಿಂದ ವಿಳಾಸವೊಂದನ್ನು ಓದಲು ಹೊರಟ ಪ್ರೋಗ್ರಾಂಗೆ ಬರೀ 90ಗಳ ಸಾಲು ಸಿಗುತ್ತದೆ. ಇಂದಿನ ಸಾಮಾನ್ಯ 64 ಬಿಟ್ ಪಿಸಿಯಲ್ಲಿ ಅಂಥ ವಿಳಾಸವನ್ನು ಬಳಸುವಂತೆಯೇ ಇಲ್ಲ. ಪ್ರೋಗ್ರಾಂ ಅಲ್ಲೇ ಬೀಳುತ್ತದೆ.

ಹೊಟ್ಟು ಸುರಿಯಲು ಸಮಯ ಬೇಕಲ್ಲ, ಆದ್ದರಿಂದ ನಿಧಾನ. ಈ ಕಾವಲನ್ನು ಬೇಕಾದವರು ಹಾಕಿಕೊಳ್ಳಲಿ ಎಂದು ಬಿಡಬಹುದಿತ್ತಲ್ಲವೇ ಎಂದರೆ, ನನ್ನ ಮಟ್ಟಿಗೆ ಅದು ಸಲ್ಲದು. ತನ್ನ ಪ್ರೋಗ್ರಾಮಿನಲ್ಲಿ ತಪ್ಪಿಲ್ಲವೆಂದು ನಂಬಿದವನು ಅದನ್ನೇಕೆ ಹಾಕುತ್ತಾನೆ? ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ ಬ್ರಾಡ್‌ಗೇಜ್ ಆದ ಮೇಲೆ 2006ರಲ್ಲಿ ಮೊದಲು ಓಡಿದ್ದು ಗೂಡ್ಸ್ ರೈಲು. ಪ್ರಯಾಣಿಕರ ರೈಲು ಬಂದದ್ದು 2007ರ ಡಿಸೆಂಬರಿನಲ್ಲಿ. ಕರೆಂಟ್ ಬಳಸುವುದೆಂದರೆ ಗೂಡ್ಸ್ ಓಡುವ ಕಾಲದಲ್ಲಿ ಹತ್ತಿದಂತೆ. ಜನಬಳಕೆಗೆ ಬಿಡುಗಡೆಯಾಗುವ ಆವೃತ್ತಿಯಲ್ಲಿ ಈ ಕಾವಲನ್ನು ತೆಗೆದಿರುತ್ತಾರೆ. ‘ನಿಧಾನ’ ಎಂದು ದೂರುವವರಿಗಾಗಿಯೇ ಕರೆಂಟ್‌ನ ಜತೆಗಿನ ಟಿಪ್ಪಣಿಯಲ್ಲಿ ಇದನ್ನೆಲ್ಲ ವಿವರಿಸಿ, ಆರಿಸುವ ದಾರಿಯನ್ನೂ ಬರೆದಿದ್ದಾರೆ. ಓದುವವರು ಬೇಕು, ಅಷ್ಟೆ.

ಹಾಗಾಗಿ, ಮಗು, ವೇಗ ಅಳೆಯುವುದಾದರೆ ಬಿಡುಗಡೆಯಾದ ಆವೃತ್ತಿ ಹಾಕಿ ಅಳೆ. ಆದರೆ ಕರೆಂಟ್ ಅನ್ನು ಈಗಲೇ ಅಳಿಸಬೇಡ. ಪ್ರೋಗ್ರಾಂ ನಿಂತ ಜಾಗವನ್ನು ಡಿಬಗರಿನಲ್ಲಿ ತೆರೆದು ನೋಡು. ಅಲ್ಲಿ 5ಎ, 5ಎ ಎಂದು ಸಾಲಾಗಿ ಕಂಡರೆ (ಹದಿನಾರರ ಲೆಕ್ಕದಲ್ಲಿ 5×16+10, ಅದೇ 90), ಆ ಜಾಗವನ್ನು ಯಾವ ಸಾಲಿನಲ್ಲಿ ಬಿಟ್ಟುಕೊಟ್ಟೆ ಎಂದು ಹಿಂದಕ್ಕೆ ಹುಡುಕುತ್ತಾ ಹೋಗು. ಆ ಸಾಲು ಲಿನಕ್ಸಿನಲ್ಲೂ ಇತ್ತು.